ನೆರವಿಗೆ ಹೋದ ವೈದ್ಯರು: ಟರ್ಕಿ 1912, ಚೀನಾ 1938

ಪರದೇಶದ ಯುದ್ಧದಲ್ಲಿ ಗಾಯಗೊಂಡವರ ಶುಶ್ರೂಷೆಗೆಂದು ಸ್ವಾತಂತ್ರ್ಯಪೂರ್ವ ಭಾರತದ ಜನ ತಾವೇ ಚಂದಾ ಎತ್ತಿ ಕಳುಹಿಸಿದ ವೈದ್ಯ ತಂಡಗಳಲ್ಲಿ ಎರಡು ಮುಖ್ಯವಾದವು. ಒಂದು 1912ರ ಡಿಸೆಂಬರಿನಲ್ಲಿ ಟರ್ಕಿಗೆ ಹೊರಟಿತು, ಇನ್ನೊಂದು 1938ರ ಸೆಪ್ಟೆಂಬರಿನಲ್ಲಿ ಚೀನಾಕ್ಕೆ. ಎರಡರ ಹಿಂದೆಯೂ ಸರ್ಕಾರವಿರಲಿಲ್ಲ. ಪರಾಧೀನ ದೇಶವೊಂದು ತನ್ನ ಹೆಸರಿನಲ್ಲಿ ಮತ್ತೊಂದು ದೇಶಕ್ಕೆ ಕೈಚಾಚಿದ ಅಪರೂಪದ ಸಂದರ್ಭಗಳಿವು. ಹೋದವರು ಬೆರಳೆಣಿಕೆಯ ಮಂದಿ, ಒಯ್ದ ಔಷಧಿ ಅಲ್ಪ. ಅವರಿಂದ ಬದುಕುಳಿದ ಗಾಯಾಳುಗಳ ಋಣ ದೊಡ್ಡದೇ. ಆದರೂ ಯುದ್ಧದ ಗತಿ ಬದಲಿಸುವ ಶಕ್ತಿ ಆ ತಂಡಗಳಿಗಿರಲಿಲ್ಲ. ಈ ಚರಿತ್ರೆಯಲ್ಲಿ ಹೆಚ್ಚು ಗಮನಿಸಬೇಕಾದ ಸಂಗತಿ ಹೋದವರ ಬದುಕು ಹಿಡಿದ ದಾರಿ. ಯಾರು ಎಷ್ಟು ಬದಲಾದರು, ಏಕೆ ಬದಲಾದರು ಎಂಬುದಕ್ಕೆ ಈ ಎರಡು ತಂಡಗಳಷ್ಟು ಸ್ಪಷ್ಟವಾದ ನಿದರ್ಶನ ಭಾರತದ ಇತಿಹಾಸದಲ್ಲಿ ಸಿಗುವುದು ಕಷ್ಟ.

ಟರ್ಕಿಗೆ ಹೋದ ತಂಡದ ನಾಯಕರು ಡಾ. ಮುಖ್ತಾರ್ ಅಹ್ಮದ್ ಅನ್ಸಾರಿ. ಬ್ರಿಟನ್ನಿನಲ್ಲಿ ಶಸ್ತ್ರವೈದ್ಯ ಕಲಿತು, ಅಲ್ಲಿಯ ಆಸ್ಪತ್ರೆಯಲ್ಲೇ ಕೆಲಸ ಮಾಡಿ, ಭಾರತಕ್ಕೆ ಮರಳಿ ದೆಹಲಿಯಲ್ಲಿ ವೃತ್ತಿ ಆರಂಭಿಸಿದ್ದವರು. 1912ರ ಅಕ್ಟೋಬರಿನಲ್ಲಿ ಬಾಲ್ಕನ್ ರಾಜ್ಯಗಳು ಒಟ್ಟಾಗಿ ಆಟೊಮನ್ ಸಾಮ್ರಾಜ್ಯದ ಮೇಲೆ ಬಿದ್ದಾಗ ಭಾರತದ ಮುಸ್ಲಿಮರಲ್ಲಿ ದೊಡ್ಡ ಕಳವಳ ಹುಟ್ಟಿತು. ಮೌಲಾನಾ ಮಹಮ್ಮದ್ ಅಲಿ ತಮ್ಮ 'ಕಾಮ್ರೇಡ್' ಪತ್ರಿಕೆಯ ಮೂಲಕ ಹಣ ಕೂಡಿಸಿದರು. ತಂಡದಲ್ಲಿದ್ದವರು ಕೆಲವೇ ವೈದ್ಯರು, ಉಳಿದವರು ಗಾಯಕ್ಕೆ ಪಟ್ಟಿ ಕಟ್ಟಲು ಕಲಿತ ಸ್ವಯಂಸೇವಕರು. ಅವರಲ್ಲಿ ಅಲಿಗಢ ಕಾಲೇಜಿನ ವಿದ್ಯಾರ್ಥಿಗಳೂ ಇದ್ದರು. ಆರೇಳು ತಿಂಗಳು ಅಲ್ಲಿದ್ದು 1913ರ ಜುಲೈನಲ್ಲಿ ತಂಡ ಹಿಂತಿರುಗಿತು. ಅನ್ಸಾರಿ ಬರೆದ ಪತ್ರಗಳು 'ಕಾಮ್ರೇಡ್'ನಲ್ಲಿ ಪ್ರಕಟವಾಗುತ್ತಿದ್ದವು. ಓದುಗರಿಗೆ ರಣರಂಗದ ವರದಿ ಸಿಕ್ಕಿತು. ಬರೆದವರಿಗೆ ಸಾರ್ವಜನಿಕ ಜೀವನದ ಬಾಗಿಲು ತೆರೆಯಿತು.

ಹೊರಟಾಗ ಅನ್ಸಾರಿ ದೆಹಲಿಯ ಬೇಡಿಕೆಯ ವೈದ್ಯರು. ಮರಳಿದ ಮೇಲೆ ಅವರ ಹೆಸರು ದೇಶದ ರಾಜಕಾರಣದಲ್ಲಿ ಸೇರಿತು: ಖಿಲಾಫತ್ ಚಳವಳಿ, 1920ರಲ್ಲಿ ಜಾಮಿಯಾ ಮಿಲಿಯಾ ಇಸ್ಲಾಮಿಯಾದ ಸ್ಥಾಪನೆ, 1927ರ ಮದ್ರಾಸ್ ಅಧಿವೇಶನದಲ್ಲಿ ಕಾಂಗ್ರೆಸ್ ಅಧ್ಯಕ್ಷ ಪದವಿ. ತಂಡದಲ್ಲಿದ್ದ ಚೌಧರಿ ಖಲೀಕುಝ್ಝಮಾನ್ ಮುಂದೆ ಮುಸ್ಲಿಂ ಲೀಗಿನ ಪ್ರಮುಖ ನಾಯಕರಾಗಿ ಪಾಕಿಸ್ತಾನಕ್ಕೆ ಹೋದರು. ಒಂದೇ ಆಸ್ಪತ್ರೆಯಲ್ಲಿ ದುಡಿದವರು ರಾಜಕೀಯದಲ್ಲಿ ಎದುರು ಬದುರು ನಿಂತರು. ಪರದೇಶದ ಸೇವೆ ಅವರಿಗೆ ದೊಡ್ಡ ಲೋಕವನ್ನು ತೋರಿಸಿತು; ಆ ಲೋಕದಲ್ಲಿ ಯಾವ ಕಡೆ ನಡೆಯಬೇಕೆಂಬುದನ್ನು ಹೇಳಿಕೊಡಲಿಲ್ಲ.

ಆ ತಂಡದಲ್ಲಿ ಮರಳಿ ಬಾರದವರೊಬ್ಬರಿದ್ದರು. ಪೇಶಾವರದ ಶ್ರೀಮಂತ ಮನೆತನದ ಅಬ್ದುರ್ ರೆಹಮಾನ್ ಅಲಿಗಢದ ವಿದ್ಯಾರ್ಥಿ. ತಮ್ಮ ಸಾಮಾನು ಮಾರಿ ಪ್ರಯಾಣಕ್ಕೆ ಹಣ ಹೊಂದಿಸಿಕೊಂಡವರು ಎಂದು ಪ್ರತೀತಿ. ಸಂಗಡಿಗರು ಹಡಗು ಹತ್ತಿದಾಗ ಅವರು ಇಸ್ತಾಂಬುಲಿನಲ್ಲೇ ಉಳಿದರು. ಆಟೊಮನ್ ಸೇನೆ ಸೇರಿ ಮೊದಲ ಮಹಾಯುದ್ಧದಲ್ಲಿ ಗ್ಯಾಲಿಪೊಲಿಯಲ್ಲಿ ಹೋರಾಡಿದರು. ಮುಸ್ತಫಾ ಕಮಾಲರ ಅಂಕಾರಾ ಸರ್ಕಾರದ ಕಾಲಕ್ಕೆ ಅನಾಡೊಲು ಸುದ್ದಿಸಂಸ್ಥೆಯಲ್ಲಿ ದುಡಿದು, ಬಳಿಕ ಅದೇ ಸರ್ಕಾರದ ಪ್ರತಿನಿಧಿಯಾಗಿ ಅಫಘಾನಿಸ್ತಾನಕ್ಕೆ ಹೋದರು. 1925ರಲ್ಲಿ ಇಸ್ತಾಂಬುಲಿನ ಬೀದಿಯಲ್ಲಿ ಗುಂಡೇಟಿಗೆ ಬಲಿಯಾದರು. ಹಂತಕರು ಅವರನ್ನು ರವೂಫ್ ಓರ್ಬಾಯ್ ಎಂಬ ರಾಜಕಾರಣಿಯೆಂದು ಭ್ರಮಿಸಿದ್ದರೆಂದು ಹೇಳಲಾಗುತ್ತದೆ. ಪಟ್ಟಿ ಕಟ್ಟಲು ಹೋದ ತರುಣ ಹದಿಮೂರು ವರ್ಷಗಳಲ್ಲಿ ಮತ್ತೊಂದು ದೇಶದ ಮಾಜಿ ರಾಯಭಾರಿಯಾಗಿ ಸತ್ತರು. ಉಳಿದವರಿಗೂ ಅವರಿಗೂ ಇದ್ದ ವ್ಯತ್ಯಾಸ ಒಂದೇ: ಅವರ ಪಾಲಿಗೆ ಆ ಯಾತ್ರೆಗೆ ಕೊನೆಯ ದಿನಾಂಕವಿರಲಿಲ್ಲ.

ಇಪ್ಪತ್ತೈದು ವರ್ಷಗಳ ನಂತರ ಇದೇ ಕಥೆ ಪೂರ್ವ ದಿಕ್ಕಿನಲ್ಲಿ ಇನ್ನಷ್ಟು ವಿಸ್ತಾರವಾಗಿ ನಡೆಯಿತು. 1937ರ ಜುಲೈ 7ರಂದು ಬೀಜಿಂಗ್ ಸಮೀಪದ ಮಾರ್ಕೋ ಪೋಲೋ ಸೇತುವೆಯ ಬಳಿ ಆರಂಭವಾದ ಘರ್ಷಣೆ ಜಪಾನ್–ಚೀನಾ ಯುದ್ಧವಾಗಿ ಬೆಳೆಯಿತು. ಅದೇ ವರ್ಷದ ನವೆಂಬರಿನಲ್ಲಿ ಚೀನೀ ಕಮ್ಯುನಿಸ್ಟರ ಎಂಟನೇ ಮಾರ್ಗದ ಸೇನೆಯ ದಂಡನಾಯಕ ಝು ದ ನೆರವು ಕೋರಿ ಜವಾಹರಲಾಲ್ ನೆಹರೂಗೆ ಪತ್ರ ಬರೆದರು. ಅಮೆರಿಕದ ಪತ್ರಕರ್ತೆ ಆಗ್ನೆಸ್ ಸ್ಮೆಡ್ಲಿ ಕೂಡ ಇದಕ್ಕೆ ಒತ್ತಾಸೆಯಾಗಿದ್ದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ದೇಶಕ್ಕೆ ಕರೆ ಕೊಟ್ಟರು. ಚೀನಾ ನಿಧಿಗೆಂದು ಸಭೆಗಳು ನಡೆದವು, ಬೀದಿಗಳಲ್ಲಿ ಡಬ್ಬಿ ಹಿಡಿದು ಕಾಸು ಕೂಡಿಸಿದರು. ಕೂಡಿದ್ದು ಸುಮಾರು 22,000 ರೂಪಾಯಿ. ಅದರ ಜೊತೆಗೆ ಒಂದು ಆಂಬ್ಯುಲೆನ್ಸು, ಔಷಧಿ, ಶಸ್ತ್ರಕ್ರಿಯೆಯ ಸಲಕರಣೆ. ಅದೇ ವರ್ಷ ರವೀಂದ್ರನಾಥ ಠಾಕೂರರು ಜಪಾನೀ ಕವಿ ಯೋನೆ ನೊಗುಚಿಯವರಿಗೆ ಬರೆದ ಬಹಿರಂಗ ಪತ್ರಗಳಲ್ಲಿ ಜಪಾನಿನ ಆಕ್ರಮಣವನ್ನು ಕಟುವಾಗಿ ಖಂಡಿಸಿದರು. ಚೀನಾದ ನೋವು ಭಾರತದ ವಿದ್ಯಾವಂತರ ಮನಸ್ಸನ್ನು ಮುಟ್ಟಿದ್ದ ಕಾಲ ಅದು.

ಆಯ್ಕೆಯಾದ ವೈದ್ಯರು ಐವರು. ನಾಯಕರಾದ ಅಲಹಾಬಾದಿನ ಡಾ. ಮದನಮೋಹನ ಅಟಲ್ ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪರವಾಗಿ ಗಾಯಾಳುಗಳ ಸೇವೆ ಮಾಡಿ ಬಂದಿದ್ದವರು. ಉಪನಾಯಕ ನಾಗಪುರದ ಡಾ. ಚೋಲ್ಕರ್ ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು. ಕಲ್ಕತ್ತೆಯಿಂದ ಡಾ. ದೇಬೇಶ್ ಮುಖರ್ಜಿ ಬಂದರು. ಅದೇ ಊರಿನ ಡಾ. ರಣೇನ್ ಸೇನ್ ಅವರಿಗೆ ಬ್ರಿಟಿಷ್ ಸರ್ಕಾರ ಪಾಸ್‌ಪೋರ್ಟ್ ನಿರಾಕರಿಸಿದ್ದರಿಂದ ಅವರ ಬದಲಿಗೆ ಡಾ. ಬಿಜಯ್ ಕುಮಾರ್ ಬಸು ಸೇರಿದರು. ಐದನೆಯವರು ಸೊಲ್ಲಾಪುರದ ಡಾ. ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್.

ಕೋಟ್ನಿಸರ ಹಿನ್ನೆಲೆಯನ್ನು ಸ್ವಲ್ಪ ನಿಂತು ನೋಡುವುದು ಅಗತ್ಯ. ಅವರು ಹುಟ್ಟಿದ್ದು 1910ರ ಅಕ್ಟೋಬರ್ 10ರಂದು. ಮರಾಠಿ, ಕನ್ನಡ, ತೆಲುಗು ಮೂರೂ ಬೀದಿಯಲ್ಲಿ ಕೇಳಿಬರುವ, ಬಟ್ಟೆ ಗಿರಣಿಗಳ ಊರು ಸೊಲ್ಲಾಪುರ. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಬೆನ್ನಿಗೆ ಅಲ್ಲಿಯ ಗಿರಣಿ ಕಾರ್ಮಿಕರು ಬೀದಿಗಿಳಿದಾಗ ಸರ್ಕಾರ ಸೈನಿಕ ಕಾನೂನು ಹೇರಿತು. 1931ರ ಜನವರಿಯಲ್ಲಿ ಮಲ್ಲಪ್ಪ ಧನಶೆಟ್ಟಿ ಮತ್ತು ಇನ್ನು ಮೂವರನ್ನು ಗಲ್ಲಿಗೇರಿಸಿತು. ಆಗ ಕೋಟ್ನಿಸರಿಗೆ ಇಪ್ಪತ್ತು ವರ್ಷ. ಮುಂದೆ ಮುಂಬಯಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಪದವಿ ಪಡೆದು ಸ್ನಾತಕೋತ್ತರ ಪರೀಕ್ಷೆಗೆ ಓದುತ್ತಿದ್ದಾಗ ಚೀನಾಕ್ಕೆ ಹೋಗುವ ಅವಕಾಶ ಬಂತು. ಆ ಹೊತ್ತಿನಲ್ಲಿ ಅವರು ದೇಶಾಭಿಮಾನಿ, ಲೋಕ ಸುತ್ತುವ ಆಸೆಯ ತರುಣ ವೈದ್ಯ. ಕಮ್ಯುನಿಸ್ಟರಾಗಿರಲಿಲ್ಲ, ಚೀನೀ ಭಾಷೆಯ ಒಂದು ಅಕ್ಷರವೂ ಬರುತ್ತಿರಲಿಲ್ಲ. ಒಂದು ವರ್ಷ ಸೇವೆ ಮಾಡಿ ಮರಳಿ ಬಂದು ಓದು ಮುಂದುವರಿಸುವುದು ಎಣಿಕೆ.

1938ರ ಸೆಪ್ಟೆಂಬರ್ 1ರಂದು ಮುಂಬಯಿಯಿಂದ 'ರಜಪೂತಾನಾ' ಹಡಗಿನಲ್ಲಿ ಹೊರಟ ತಂಡ ಅದೇ ತಿಂಗಳ 17ರಂದು ಕ್ಯಾಂಟನ್ ತಲುಪಿತು. ಚೀನೀ ಗಣರಾಜ್ಯದ ಸ್ಥಾಪಕ ದಿವಂಗತ ಸನ್ ಯಾತ್‌ಸೆನ್ನರ ಪತ್ನಿ ಸೂಂಗ್ ಚಿಂಗ್‌ಲಿಂಗ್ ಅಲ್ಲಿ ಅವರನ್ನು ಬರಮಾಡಿಕೊಂಡರು. ಅಲ್ಲಿಂದ ಹಾಂಕೌ, ಚೀನೀ ರೆಡ್‌ಕ್ರಾಸ್ ಆಶ್ರಯದಲ್ಲಿ ಕೆಲಸ. ಬಂದ ಎರಡು ತಿಂಗಳೊಳಗೆ ಕ್ಯಾಂಟನ್ನೂ ಹಾಂಕೌ ಕೂಡ ಜಪಾನೀಯರ ವಶವಾದವು. ತಂಡ ಯಾಂಗ್ತ್ಸೆ ನದಿಯಗುಂಟ ಹಿಂದೆ ಸರಿಯುತ್ತ ಯೀಚಾಂಗ್ ಮೂಲಕ ಯುದ್ಧಕಾಲದ ರಾಜಧಾನಿ ಚುಂಗ್‌ಕಿಂಗ್ ಸೇರಿತು. ಈ ಮೊದಲ ತಿಂಗಳುಗಳಲ್ಲಿ ವೈದ್ಯರು ಕಂಡದ್ದು ಸೋಲು, ಪಲಾಯನ, ವಿಮಾನದಾಳಿ. ಅತಿಥಿಗಳಾಗಿದ್ದ ಅವರಿಗೆ ಸತ್ಕಾರ ಕೂಟಗಳೂ ಕಡಿಮೆಯಿರಲಿಲ್ಲ. ಅನ್ಯದೇಶದ ಸ್ವಯಂಸೇವಕರು ಎಲ್ಲಿ ಹೋದರೂ ಎದುರಿಸುವ ತೊಡಕು ಇದು: ಬಂದ ಉದ್ದೇಶ ಕೆಲಸ, ಸಿಗುವುದು ಮರ್ಯಾದೆ. ಎಷ್ಟೋ ನೆರವಿನ ತಂಡಗಳು ಈ ಹಂತದಲ್ಲೇ ಅವಧಿ ಮುಗಿಸಿ, ನಾಲ್ಕು ಭಾವಚಿತ್ರಗಳೊಂದಿಗೆ ಊರಿಗೆ ಮರಳುತ್ತವೆ.

ಈ ತಂಡ ಅಲ್ಲಿಗೆ ನಿಲ್ಲಲಿಲ್ಲ. ಉತ್ತರದಲ್ಲಿ ಎಂಟನೇ ಮಾರ್ಗದ ಸೇನೆಯ ಬಳಿಗೇ ಹೋಗಬೇಕೆಂದು ಪಟ್ಟು ಹಿಡಿಯಿತು. ಕರೆ ಬಂದದ್ದು ಆ ಸೇನೆಯಿಂದ, ವೈದ್ಯರ ಕೊರತೆ ಹೆಚ್ಚಾಗಿದ್ದುದೂ ಅಲ್ಲಿ. ಕಮ್ಯುನಿಸ್ಟರ ಹಳೆಯ ಎದುರಾಳಿಯಾಗಿದ್ದ ಚಿಯಾಂಗ್ ಕೈಷೇಕರ ಚೀನಾ ಸರ್ಕಾರಕ್ಕೆ ಇದು ಹಿತವೆನಿಸದಿದ್ದರೂ ಕೊನೆಗೆ ದಾರಿ ತೆರೆಯಿತು. ಶಾಂತಿನಿಕೇತನದ ಚೀನಾ ಭವನದ ನಿರ್ದೇಶಕ ತಾನ್ ಯುನ್‌ಶಾನ್ ಆಗ ಚುಂಗ್‌ಕಿಂಗ್‌ನಲ್ಲಿದ್ದರು. ಐವರಿಗೂ ಚೀನೀ ಹೆಸರುಗಳನ್ನು ಕೊಟ್ಟರು. ಕೋಟ್ನಿಸ್ 'ಕ ದಿಹುವಾ' ಆದರು, ಚೀನಾದಲ್ಲಿ ಇಂದಿಗೂ ಅವರನ್ನು ಕರೆಯುವುದು ಹಾಗೆಯೇ. ಅದೇ ಊರಿನಲ್ಲಿ ಅವರಿಗೆ ತಂದೆಯ ಸಾವಿನ ಸುದ್ದಿ ಮುಟ್ಟಿತು. ಮನೆಗೆ ಮರಳಲು ಸಂಗಡಿಗರು ಹೇಳಿದರು. ಮರಳಿದ್ದರೆ ಯಾರೂ ತಪ್ಪು ಎಣಿಸುತ್ತಿರಲಿಲ್ಲ. ಅವರು ಹೋಗಲಿಲ್ಲ, ಒಪ್ಪಿಕೊಂಡ ಕೆಲಸ ಇನ್ನೂ ಆರಂಭವೇ ಆಗಿಲ್ಲವೆಂದರು. ಅವರ ಬದುಕಿನ ಮೊದಲ ತಿರುವು ಇಲ್ಲಿದೆ. ಆವರೆಗೆ ಯಾತ್ರೆ ಅವರ ಜೀವನದ ನಡುವಿನ ಒಂದು ಬಿಡುವಾಗಿತ್ತು. ಅಲ್ಲಿಂದಾಚೆ ಮನೆಯ ದೊಡ್ಡ ಕರ್ತವ್ಯವನ್ನೇ ಬದಿಗಿಟ್ಟು ಆರಿಸಿಕೊಂಡ ಕೆಲಸವಾಯಿತು, ಅಷ್ಟು ಬೆಲೆ ಕೊಟ್ಟ ಮೇಲೆ ಅದನ್ನು ಅರೆಬರೆ ಮಾಡುವಂತಿರಲಿಲ್ಲ.

1939ರ ಜನವರಿಯಲ್ಲಿ ಹೊರಟು ಫೆಬ್ರವರಿ 12ರಂದು ತಂಡ ಯೆನಾನ್ ಮುಟ್ಟಿತು. ವಾಯವ್ಯ ಚೀನಾದ ಹಳದಿ ಮಣ್ಣಿನ ಗುಡ್ಡಗಳ ನಾಡು ಅದು. ಗುಡ್ಡದ ಮೈ ಕೊರೆದು ಮಾಡಿದ ಗುಹೆಗಳೇ ಮನೆ, ಶಾಲೆ, ಕಚೇರಿ, ಆಸ್ಪತ್ರೆ. ವಿಮಾನದಾಳಿಯಿಂದ ರಕ್ಷಣೆಗೂ ಚಳಿಗಾಲದ ಬೆಚ್ಚನೆಗೂ ಅವು ಒದಗುತ್ತಿದ್ದವು. ಒಳಗೆ ಎಣ್ಣೆ ದೀಪ, ತಿನ್ನಲು ನವಣೆ. ಔಷಧಿ ಯಾವಾಗಲೂ ಸಾಲದು. ಮುಂಬಯಿ, ಕಲ್ಕತ್ತೆಯ ದೊಡ್ಡ ಆಸ್ಪತ್ರೆಗಳಲ್ಲಿ ಕಲಿತವರು ಸೇನೆಯ ಆಸ್ಪತ್ರೆಯಲ್ಲಿ ಇದ್ದುದರಲ್ಲೇ ಶಸ್ತ್ರಕ್ರಿಯೆ ನಡೆಸಬೇಕಾಯಿತು. ಲೆಬನಾನ್ ಮೂಲದ ಅಮೆರಿಕನ್ ವೈದ್ಯ ಜಾರ್ಜ್ ಹಾಟೆಮ್, ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ವೈದ್ಯ ಹಾನ್ಸ್ ಮ್ಯೂಲರ್ ಅವರಿಗೆ ಜೊತೆಗಾರರಾದರು. ಮೇ 24ರಂದು ಮಾವೋ ತ್ಸೆತುಂಗ್ ನೆಹರೂಗೆ ಪತ್ರ ಬರೆದು ತಂಡದ ಸೇವೆಗೆ ಕೃತಜ್ಞತೆ ಹೇಳಿದರು.

ಯೆನಾನ್‌ನಲ್ಲಿ ಈ ವೈದ್ಯರನ್ನು ಹೆಚ್ಚು ಅಲುಗಾಡಿಸಿದ್ದು ಕಷ್ಟಕ್ಕಿಂತ ಅಲ್ಲಿಯ ಸಮಾಜದ ರೀತಿ. ಸೇನಾಪತಿಯೂ ಸಿಪಾಯಿಯೂ ಒಂದೇ ಬಗೆಯ ಹತ್ತಿಯ ಉಡುಪು ತೊಡುತ್ತಿದ್ದರು; ಹಳ್ಳಿಯ ಹುಡುಗರು ಅಕ್ಷರ ಕಲಿತು ಕೆಲವೇ ತಿಂಗಳಲ್ಲಿ ಶುಶ್ರೂಷಕರಾಗುತ್ತಿದ್ದರು. ಜಾತಿ, ವೃತ್ತಿ, ಪದವಿಗಳ ಮೆಟ್ಟಿಲುಗಳಲ್ಲಿ ಬೆಳೆದ ಭಾರತೀಯ ವೈದ್ಯರಿಗೆ ಇದು ಹೊಸದು. ಆ ವ್ಯವಸ್ಥೆಯ ಇನ್ನೊಂದು ಮುಖ, ಅಂದರೆ ಪಕ್ಷದೊಳಗಿನ ಶಿಸ್ತಿನ ಹೆಸರಿನಲ್ಲಿ 1942ರ ನಂತರ ನಡೆದ ತಪ್ಪೊಪ್ಪಿಗೆ ಸಭೆಗಳು ಮತ್ತು ಕಿರುಕುಳ, ಬಹಳ ಮಂದಿ ವಿದೇಶಿ ಅತಿಥಿಗಳ ಕಣ್ಣಿಗೆ ಬೀಳಲಿಲ್ಲ. ನೆರವಿಗೆ ಹೋದವರು ಕಷ್ಟದಲ್ಲಿರುವವರನ್ನು ಪ್ರೀತಿಸತೊಡಗುತ್ತಾರೆ, ಪ್ರೀತಿಸಿದವರ ತಪ್ಪು ಬೇಗ ಕಾಣುವುದಿಲ್ಲ. ಈ ವೈದ್ಯರ ಬದಲಾವಣೆಯನ್ನು ಅಳೆಯುವಾಗ ಇದನ್ನು ಮರೆಯಬಾರದು, ಇದರಿಂದ ಅವರ ತ್ಯಾಗ ಚಿಕ್ಕದಾಗುವುದೂ ಇಲ್ಲ.

ವರ್ಷ ತುಂಬುವ ಹೊತ್ತಿಗೆ ತಂಡ ಒಡೆಯಿತು. ಹಿರಿಯರಾದ ಚೋಲ್ಕರ್, ಅನಾರೋಗ್ಯಕ್ಕೆ ಒಳಗಾದ ಮುಖರ್ಜಿ 1939ರಲ್ಲಿ ಭಾರತಕ್ಕೆ ಮರಳಿದರು. ಉಳಿದ ಮೂವರು ಮ್ಯೂಲರ್ ಜೊತೆಗೂಡಿ ವರ್ಷದ ಕೊನೆಯಲ್ಲಿ ಹಳದಿ ನದಿ ದಾಟಿ, ಶಾನ್‌ಸಿಯ ಬೆಟ್ಟಗಳಲ್ಲಿದ್ದ ಝು ದ ಅವರ ಮುಖ್ಯ ಶಿಬಿರಕ್ಕೆ ಹೋದರು. ಚರ್ಮರೋಗ ಉಲ್ಬಣಿಸಿ ಅಟಲ್ 1940ರ ಆರಂಭದಲ್ಲಿ ಹಿಂತಿರುಗಬೇಕಾಯಿತು. ಅಟಲರ ಪಾಲಿಗೆ ಚೀನಾ ಎರಡನೆಯ ರಣಾಂಗಣ. ಫ್ಯಾಸಿಸಂ ವಿರೋಧಿಯಾಗಿ ರೂಪುಗೊಂಡ ಮೇಲೆ ಅಲ್ಲಿಗೆ ಬಂದಿದ್ದರು. ಅವರನ್ನು ಬದಲಿಸಿದ ನೆಲ ಸ್ಪೇನ್ ಎನ್ನಬೇಕು. ಚೀನಾಕ್ಕೆ ಏನೂ ತಿಳಿಯದೆ ಬಂದ ಇಬ್ಬರು ತರುಣರು, ಬಸು ಮತ್ತು ಕೋಟ್ನಿಸ್, ಮುಂದೆ ಸಾಗಿದರು.

ಅವರು ಹೋಗಿ ಸೇರಿದ್ದು ಶಾನ್‌ಸಿ–ಚಾಹರ್–ಹೆಬೈ ಗಡಿ ಪ್ರದೇಶ, ಜಪಾನೀ ಸೇನೆಯ ಬೆನ್ನಿನ ಹಿಂದಿದ್ದ ಗೆರಿಲ್ಲಾ ನೆಲೆ. ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ಅಲ್ಲಿ ಕೆಲಸ ಮಾಡಿ 1939ರ ನವೆಂಬರ್ 12ರಂದು ತೀರಿಕೊಂಡಿದ್ದರು. ಶಸ್ತ್ರಕ್ರಿಯೆಯ ವೇಳೆ ಬೆರಳಿಗಾದ ಗಾಯದಿಂದ ರಕ್ತಕ್ಕೆ ನಂಜೇರಿತ್ತು. ಬೆಥೂನ್ ಮೊದಲು ಅಚ್ಚುಕಟ್ಟಾದ ಮಾದರಿ ಆಸ್ಪತ್ರೆಯೊಂದನ್ನು ಕಟ್ಟಿಸಿದ್ದರು, ಜಪಾನೀಯರು ಅದನ್ನು ಸ್ವಲ್ಪ ಕಾಲದಲ್ಲೇ ನಾಶಮಾಡಿದರು. ಒಂದೆಡೆ ನಿಂತ ಆಸ್ಪತ್ರೆ ಗೆರಿಲ್ಲಾ ಯುದ್ಧಕ್ಕೆ ಹೊಂದದೆಂದು ಅರಿತು, ಹೇಸರಗತ್ತೆಯ ಮೇಲೆ ಸಲಕರಣೆ ಹೇರಿ ಗಾಯಾಳುಗಳಿದ್ದಲ್ಲಿಗೇ ಶಸ್ತ್ರವೈದ್ಯ ಹೋಗುವ ಪದ್ಧತಿಯನ್ನು ಬಳಕೆಗೆ ತಂದರು. ಗುಂಡು ತಗುಲಿದ ಗಾಯಕ್ಕೆ ಬೇಗ ಕೈಹಾಕಿದಷ್ಟೂ ಕೊಳೆತ, ಅಂಗಚ್ಛೇದ, ಸಾವು ಕಡಿಮೆಯಾಗುತ್ತವೆ. 1940ರ ಬೇಸಗೆಯಲ್ಲಿ ಬಂದ ಭಾರತೀಯರು ಬೆಥೂನರ ಸಮಾಧಿಗೆ ನಮಿಸಿ ಅದೇ ಪದ್ಧತಿಯನ್ನು ಮುಂದುವರಿಸಿದರು. ಆ ಆಗಸ್ಟಿನಲ್ಲಿ ಎಂಟನೇ ಮಾರ್ಗದ ಸೇನೆ 'ನೂರು ರೆಜಿಮೆಂಟುಗಳ ದಾಳಿ' ಆರಂಭಿಸಿದಾಗ ಗಾಯಾಳುಗಳ ಮಹಾಪೂರವೇ ಬಂತು. ಹದಿಮೂರು ದಿನಗಳಲ್ಲಿ ಕೋಟ್ನಿಸರ ತಂಡ 800ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಕೊಟ್ಟಿತೆಂದೂ ಒಮ್ಮೆ ಅವರು 72 ಗಂಟೆ ಒಂದೇ ಸಮನೆ ಶಸ್ತ್ರಕ್ರಿಯೆ ಮಾಡಿದರೆಂದೂ ಅವರ ಜೀವನಚರಿತ್ರೆಗಳು ದಾಖಲಿಸುತ್ತವೆ. ಅದೇ ವರ್ಷ ಬಸುವನ್ನು ಯೆನಾನ್‌ಗೆ ವಾಪಸು ಕರೆಸಿದರು. ಕೋಟ್ನಿಸ್ ಬೆಟ್ಟಗಳಲ್ಲೇ ಉಳಿದರು, ಐವರಲ್ಲಿ ಒಬ್ಬರೇ.

ಇಲ್ಲಿಂದ ಆಚೆಗಿನ ಎರಡು ವರ್ಷಗಳಲ್ಲಿ ಅವರು ಪಡೆದ ರೂಪಾಂತರಕ್ಕೆ ಭಾಷೆಯೇ ಅಡಿಗಲ್ಲು. ಬೆಥೂನರ ಕೆಲಸವೆಲ್ಲ ದುಭಾಷಿಯ ಮೂಲಕ ನಡೆದಿತ್ತು. ಕೋಟ್ನಿಸ್ ಚೀನೀ ಮಾತು ಕಲಿತರು, ಅಕ್ಷರಗಳನ್ನೂ ಕಲಿತರು, ಬೆಥೂನ್ ಹೆಸರಿನ ವೈದ್ಯ ಶಾಲೆಯಲ್ಲಿ ಚೀನೀ ಭಾಷೆಯಲ್ಲೇ ಪಾಠ ಹೇಳತೊಡಗಿದರು. ಭಾಷೆ ಬಾರದ ವೈದ್ಯ ಗಾಯವನ್ನಷ್ಟೇ ನೋಡಬಲ್ಲ. ಮಾತು ಬಂದೊಡನೆ ಗಾಯಗೊಂಡ ರೈತನ ಊರು, ಸಾಲ, ಸತ್ತ ಮಕ್ಕಳು ಎಲ್ಲವೂ ಕಿವಿಗೆ ಬೀಳುತ್ತವೆ. ಪಾಠ ಹೇಳುವಾಗ ಇನ್ನೂ ಒಂದು ಬದಲಾವಣೆ ಆಗುತ್ತದೆ. ಶಸ್ತ್ರಕ್ರಿಯೆ ಮಾಡುವ ಅತಿಥಿ ಹೋದರೆ ಅವನ ಕೈಚಳಕವೂ ಅವನೊಡನೆ ಹೋಗುತ್ತದೆ. ಶಿಷ್ಯರಿರುವ ಗುರುವಿಗೆ ಆ ಸ್ಥಳದ ಮುಂದಿನ ದಿನಗಳಲ್ಲಿ ಪಾಲು ಸಿಕ್ಕಿಬಿಡುತ್ತದೆ. ಅವರು ಶಸ್ತ್ರವೈದ್ಯದ ಪಠ್ಯಗಳನ್ನು ಬರೆಯಲು ಕುಳಿತದ್ದು ಈ ಪಾಲುದಾರಿಕೆಯಿಂದ.

1941ರ ಜನವರಿಯಲ್ಲಿ ಅವರನ್ನು ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರನ್ನಾಗಿ ನೇಮಿಸಿದರು. ಆಗಿನ್ನೂ ಮೂವತ್ತರ ವಯಸ್ಸು. ಆ ಆಸ್ಪತ್ರೆ ಹೆಬೈಯ ತಾಂಗ್ ಜಿಲ್ಲೆಯ ಹಳ್ಳಿಯೊಂದರಲ್ಲಿ ರೈತರ ಮನೆಗಳಲ್ಲಿ ನಡೆಯುತ್ತಿತ್ತು. ಜಪಾನೀ ದಂಡು ಬೆಟ್ಟ ಬಾಚುತ್ತ ಬಂದಾಗಲೆಲ್ಲ ರೋಗಿಗಳನ್ನು ಹೊತ್ತು ಸ್ಥಳಾಂತರಿಸಬೇಕು, ಸಲಕರಣೆ ಹೂತಿಡಬೇಕು, ದಂಡು ಹೋದ ಮೇಲೆ ಮತ್ತೆ ತೆರೆಯಬೇಕು. 1941–42ರಲ್ಲಿ ಜಪಾನೀಯರು ಹಳ್ಳಿ ಸುಟ್ಟು, ಧಾನ್ಯ ದೋಚಿ, ಜನರನ್ನು ಕೊಂದು ನೆಲೆಯನ್ನೇ ಬರಿದು ಮಾಡುವ ನೀತಿ ಹಿಡಿದಿದ್ದರು. ಇಂಥ ಆಸ್ಪತ್ರೆಯ ನಿರ್ದೇಶಕ ಧಾನ್ಯದ ಲೆಕ್ಕ, ಸಿಬ್ಬಂದಿಯ ಜಗಳ, ಹಳ್ಳಿಯ ಹಿರಿಯರೊಂದಿಗೆ ಮಾತುಕತೆ ಎಲ್ಲವನ್ನೂ ನಿಭಾಯಿಸಬೇಕಿತ್ತು. ಹೊರಗಿನಿಂದ ಬಂದವರು ಸಾಮಾನ್ಯವಾಗಿ ಮಾಡದ ಕೆಲಸಗಳಿವು. ಆ ನೆಲದ ಅಧಿಕಾರಕ್ಕೆ ತಾನು ಒಳಪಟ್ಟು, ಆ ಅಧಿಕಾರದ ಒಂದು ಭಾಗವನ್ನು ತಾನೂ ಹೊತ್ತುಕೊಂಡಾಗ ಸ್ವಯಂಸೇವಕ ಎಂಬ ಪದ ಅವರಿಗೆ ಹೊಂದದಾಯಿತು.

ಉಳಿದದ್ದು ಇದರ ಹಿಂದೆಯೇ ಬಂತು. ವೈದ್ಯ ಶಾಲೆಯಲ್ಲಿ ಶುಶ್ರೂಷೆ ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಅವರನ್ನು 1941ರ ನವೆಂಬರಿನಲ್ಲಿ ಮದುವೆಯಾದರು. 1942ರ ಜುಲೈನಲ್ಲಿ ಚೀನೀ ಕಮ್ಯುನಿಸ್ಟ್ ಪಕ್ಷ ಸೇರಿದರು. ಆಗಸ್ಟಿನಲ್ಲಿ ಮಗ ಹುಟ್ಟಿದಾಗ ಆ ಪ್ರದೇಶದ ಸೇನಾಪತಿ ನಿಯೆ ರೊಂಗ್‌ಜೆನ್ ಭಾರತ, ಚೀನಾ ಎರಡೂ ಕೂಡಿ ಬರುವಂತೆ ಯಿನ್‌ಹುವಾ ಎಂದು ಹೆಸರಿಟ್ಟರು. ಈ ಕ್ರಮವನ್ನು ಗಮನಿಸಬೇಕು. ಮೊದಲು ಕೆಲಸ, ಆಮೇಲೆ ಭಾಷೆ, ಆಮೇಲೆ ಬೋಧನೆ, ಹೊಣೆ, ಸಂಸಾರ. ಪಕ್ಷ ಬಂದದ್ದು ಬಹುಮಟ್ಟಿಗೆ ಕೊನೆಯಲ್ಲಿ. ತತ್ತ್ವವನ್ನು ನಂಬಿ ಚೀನಾಕ್ಕೆ ಹೋದವರಲ್ಲ ಅವರು. ಮೂರು ಮುಕ್ಕಾಲು ವರ್ಷ ಜೊತೆಗೆ ಬದುಕಿದ ಜನರ ತತ್ತ್ವವನ್ನು ತಮ್ಮದಾಗಿಸಿಕೊಂಡವರು.

ಈ ನಡುವೆ ಅವರಿಗೆ ಅಪಸ್ಮಾರ ಕಾಣಿಸಿಕೊಂಡಿತ್ತು. ಚಿಕಿತ್ಸೆಗೆ ಬೇರೆಡೆ ಹೋಗಬೇಕೆಂಬ ಸಲಹೆ ಬಂದರೂ ಒಪ್ಪದೆ ಕೆಲಸ ಮುಂದುವರಿಸಿದರು. 1942ರ ಡಿಸೆಂಬರ್ 9ರ ಬೆಳಗಿನ ಜಾವ ಒಂದರ ಮೇಲೊಂದು ಸೆಳವು ಬಂದು ತೀರಿಕೊಂಡರು. ವಯಸ್ಸು 32, ಮಗುವಿಗೆ ಮೂರೂವರೆ ತಿಂಗಳು. ಬರೆಯುತ್ತಿದ್ದ ಪಠ್ಯ ಅರ್ಧಕ್ಕೆ ನಿಂತಿತು. ಮೊದಲು ಹಳ್ಳಿಯಲ್ಲಿ ಮಣ್ಣು ಮಾಡಿದ ಅವರ ದೇಹಾವಶೇಷವನ್ನು 1950ರ ದಶಕದಲ್ಲಿ ಷಿಜಿಯಾಜುವಾಂಗ್ ನಗರದ ಹುತಾತ್ಮರ ಸ್ಮಶಾನಕ್ಕೆ ತಂದರು. ಬೆಥೂನರ ಸಮಾಧಿಯೂ ಅಲ್ಲೇ ಇದೆ.

1943ರಲ್ಲಿ ಬಸು ಭಾರತಕ್ಕೆ ಮರಳಿದರು. ಅವರು ಹೇಳಿದ್ದನ್ನು ಆಧರಿಸಿ ಖ್ವಾಜಾ ಅಹ್ಮದ್ ಅಬ್ಬಾಸ್ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ಅದರಿಂದ ವಿ. ಶಾಂತಾರಾಮ್ 1946ರಲ್ಲಿ 'ಡಾ. ಕೋಟ್ನಿಸ್ ಕಿ ಅಮರ್ ಕಹಾನಿ' ಚಿತ್ರ ಮಾಡಿದರು. ಶಾಂತಾರಾಮ್ ಸ್ವತಃ ಕೋಟ್ನಿಸರ ಪಾತ್ರ ವಹಿಸಿದರು. ಕೋಟ್ನಿಸರ ಹೆಸರು ಭಾರತದ ಮನೆಮನೆಗೆ ಮುಟ್ಟಿದ್ದು ಈ ಚಿತ್ರದಿಂದ. ಆದರೆ ಚಿತ್ರದಲ್ಲಿ ಪ್ರೇಮಕ್ಕೂ ಪ್ಲೇಗಿನ ಪ್ರಸಂಗಕ್ಕೂ ಸಿಕ್ಕ ಜಾಗ ಭಾಷೆ ಕಲಿತ, ಪಾಠ ಹೇಳಿದ, ಪಕ್ಷ ಸೇರಿದ ವೈದ್ಯನಿಗೆ ಸಿಗಲಿಲ್ಲ. ಭಾರತ ನೆನಪಿಟ್ಟುಕೊಂಡದ್ದು ಊರು ಬಿಟ್ಟು ಹೋದ ತ್ಯಾಗಿಯನ್ನು. ಚೀನಾ ನೆನಪಿಟ್ಟುಕೊಂಡದ್ದು ತನ್ನವನಾದ ಸಂಗಾತಿಯನ್ನು. ಎರಡೂ ನೆನಪುಗಳು ಸುಳ್ಳಲ್ಲ, ಎರಡೂ ಅಪೂರ್ಣ. ಸೊಲ್ಲಾಪುರದ ಇಪ್ಪತ್ತೇಳರ ತರುಣ ತಾಂಗ್ ಜಿಲ್ಲೆಯ ಮೂವತ್ತರ ನಿರ್ದೇಶಕರಾದದ್ದು ಹೇಗೆ ಎಂಬ ನಡುವಿನ ದಾರಿಯನ್ನು ಎರಡೂ ಕಡೆಯ ಸ್ಮಾರಕಗಳು ಅಷ್ಟಾಗಿ ತೋರಿಸುವುದಿಲ್ಲ.

ಗುವೊ ಚಿಂಗ್‌ಲಾನ್ ಚೀನಾದಲ್ಲೇ ಉಳಿದರು. ಹಲವು ಬಾರಿ ಭಾರತಕ್ಕೆ ಬಂದು ಗಂಡನ ಮನೆಯವರನ್ನು ಕಂಡರು; 2012ರಲ್ಲಿ ತೀರಿಕೊಂಡರು. ತಂದೆಯಂತೆ ವೈದ್ಯನಾಗಲು ಓದುತ್ತಿದ್ದ ಯಿನ್‌ಹುವಾ 1967ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ ಸತ್ತ. 1962ರ ಯುದ್ಧದ ನಂತರ ಎರಡು ದೇಶಗಳ ನಡುವೆ ಮಾತು ನಿಂತಾಗಲೂ ಕೋಟ್ನಿಸರ ಹೆಸರು ಉಭಯರೂ ಗೌರವದಿಂದ ಹೇಳಬಹುದಾದ ಕೆಲವೇ ಹೆಸರುಗಳಲ್ಲಿ ಒಂದಾಗಿ ಉಳಿಯಿತು. ಭಾರತಕ್ಕೆ ಬರುವ ಚೀನೀ ನಾಯಕರು ಕೋಟ್ನಿಸ್ ಕುಟುಂಬದವರನ್ನು ಭೇಟಿಯಾಗುವುದು ರೂಢಿಯಾಯಿತು. ಸೊಲ್ಲಾಪುರದಲ್ಲಿ ಅವರು ಹುಟ್ಟಿದ ಮನೆ ಈಗ ಸ್ಮಾರಕ.

ಮರಳಿ ಬಂದವರಲ್ಲಿ ಬದುಕಿನುದ್ದಕ್ಕೂ ಚೀನಾವನ್ನು ಕೈಬಿಡದವರು ಬಸು. ಅವರು ಕೋಟ್ನಿಸ್ ಸ್ಮಾರಕ ಸಮಿತಿಯನ್ನು ಕಟ್ಟಿದರು, ಯೆನಾನ್ ದಿನಗಳ ದಿನಚರಿಯನ್ನು ಪುಸ್ತಕವಾಗಿಸಿದರು. ಅವರಲ್ಲಿ ಆದ ಬದಲಾವಣೆ ವೃತ್ತಿಯ ಒಳಗೇ ಕೆಲಸ ಮಾಡಿತು. ಪಾಶ್ಚಾತ್ಯ ವೈದ್ಯದಲ್ಲಿ ತರಬೇತಾದ ಈ ವೈದ್ಯರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಲ್ಲಿಯ ಸೂಜಿಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್, ಕಲಿತು ಬಂದರು. ಹಿಂದೊಮ್ಮೆ ವೈದ್ಯರಾಗಿ ಹೋದ ನಾಡಿಗೆ ವಿದ್ಯಾರ್ಥಿಯಾಗಿ ಹೋದರು. 1959ರಿಂದ ಕಲ್ಕತ್ತೆಯಲ್ಲಿ ಅದನ್ನು ಬಳಕೆಗೆ ತಂದು ತರುಣ ವೈದ್ಯರಿಗೆ ಕಲಿಸಿದರು. 1986ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಬಂಗಾಳದಲ್ಲೂ ಹೊರಗೂ ಶಿಷ್ಯರ ಸಾಲು ಬೆಳೆದಿತ್ತು. ಪಂಜಾಬಿನ ಲುಧಿಯಾನದಲ್ಲಿ ಕೋಟ್ನಿಸ್ ಹೆಸರಿನ ಅಕ್ಯುಪಂಕ್ಚರ್ ಆಸ್ಪತ್ರೆ ನಡೆಯುತ್ತಿತ್ತು. ಈ ಚಿಕಿತ್ಸೆಯ ಪರಿಣಾಮದ ಬಗ್ಗೆ ವೈದ್ಯರಲ್ಲಿ ಇಂದಿಗೂ ಒಮ್ಮತವಿಲ್ಲ. 1996ರಲ್ಲಿ ಪಶ್ಚಿಮ ಬಂಗಾಳದ ವಿಧಾನಸಭೆ ಅಕ್ಯುಪಂಕ್ಚರಿಗೆ ಪ್ರತ್ಯೇಕ ಕಾನೂನು ಮಾಡಿ, ಅದನ್ನು ಮಾನ್ಯತೆ ಪಡೆದ ಚಿಕಿತ್ಸಾ ಪದ್ಧತಿಗಳ ಸಾಲಿಗೆ ಸೇರಿಸಿತು.